ಕಾನ್ವಿಯಲ್ಲಿ ಮುಂತಾಜಳ ಮನೆ

ರೈಲು ನಿಲ್ಲದ ಸ್ಟೇಷನ್

ಕಾನ್ವಿಯಲ್ಲಿ ಇಳಿಯಬೇಕಾದವರು ರೈಲಿನ ಗಾರ್ಡಿಗೆ ಮೊದಲೇ ಹೇಳಿಡಬೇಕಂತೆ. ಹೇಳದಿದ್ದರೆ ರೈಲು ಅಲ್ಲಿ ನಿಲ್ಲುವುದೇ ಇಲ್ಲ. ಇದು ನನಗೆ ಗೊತ್ತಾಗುವ ಹೊತ್ತಿಗೆ ಕಾನ್ವಿ ಹಿಂದೆ ಹೋಗಿಯಾಗಿತ್ತು.

ದುಬೈಯಿಂದ ಮ್ಯಾಂಚೆಸ್ಟರ್, ಅಲ್ಲಿಂದ ಎರಡು ರೈಲು. ಕಣ್ಣು ಎಳೆಯುತ್ತಿತ್ತು. ಕಿಟಕಿಯ ಹೊರಗೆ ವೇಲ್ಸ್ ದೇಶದ ಕರಾವಳಿ ನಿಧಾನವಾಗಿ ಬಿಚ್ಚಿಕೊಳ್ಳುತ್ತಿತ್ತು. ಒಂದು ಬದಿಗೆ ಇಳಿತದ ಸಮುದ್ರ. ನೀರು ಎಲ್ಲೋ ದೂರ ಹೋಗಿ ಒದ್ದೆ ಮರಳು ಮಾತ್ರ ಮಿನುಗುತ್ತಿತ್ತು. ಇನ್ನೊಂದು ಬದಿಗೆ ಹಸಿರು ಗುಡ್ಡ, ಅದರ ತುಂಬ ಕುರಿಮರಿಗಳು. ರೈಲು ಹೊಳೆಯ ಮೇಲಿನ, ಕಬ್ಬಿಣದ ಕೊಳವೆಯಂಥ ಒಂದು ಸೇತುವೆಯೊಳಗೆ ನುಗ್ಗಿತು. ಕತ್ತಲೆ ಮುಗಿದು ಹೊರಗೆ ಬಂದಾಗ, ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಕೋಟೆ. ಬೂದು ಕಲ್ಲಿನ ಗೋಪುರದ ಹಿಂದೆ ಇನ್ನೊಂದು ಗೋಪುರ, ಅದರ ಹಿಂದೆ ಮತ್ತೊಂದು. ಕಿಟಕಿ ಇರಬೇಕಾದಲ್ಲೆಲ್ಲ ಆಕಾಶ. ನಾನು ಬಾಯಿ ತೆರೆದು ನೋಡುತ್ತಿದ್ದಂತೆ ರೈಲು ಊರಿನ ಗೋಡೆಯ ಕಮಾನಿನಡಿ ಹಾದು, ಒಂದು ಸಣ್ಣ ಪ್ಲಾಟ್‌ಫಾರ್ಮನ್ನು ದಾಟಿತು.

ಆ ಪ್ಲಾಟ್‌ಫಾರ್ಮಿನ ಮೇಲೆ ಒಬ್ಬಳೇ ಹೆಂಗಸು ನಿಂತಿದ್ದಳು. ನೀಲಿ ರೈನ್‌ಕೋಟು, ತಲೆಗೆ ಬೂದು ಬಣ್ಣದ ಶಾಲು. ಹದಿನಾರು ವರ್ಷದ ನಂತರ ನಾನು ಮುಂತಾಜಳನ್ನು ನೋಡಿದ್ದು ಹೀಗೆ, ಗಾಜಿನ ಆಚೆಯಿಂದ, ಎರಡು ಸೆಕೆಂಡು. ಅವಳೂ ನನ್ನನ್ನು ನೋಡಿದಳು. ಅವಳ ಕೈ ಅರ್ಧ ಮೇಲೆದ್ದದ್ದು ಕಂಡಿತು. ಆಮೇಲೆ ಮನೆಗಳ ಹಿತ್ತಿಲು, ಒಣಗಲು ಹಾಕಿದ ಬಟ್ಟೆ, ಮತ್ತೆ ಸಮುದ್ರ.

ಎದುರಿಗೆ ಕೂತಿದ್ದ ಅಜ್ಜಿ, "ನೀವು ಗಾರ್ಡಿಗೆ ಹೇಳಿರಲಿಲ್ಲವಾ, ಡಿಯರ್?" ಎಂದರು. ಗಾರ್ಡು ಬಂದು ತಾನೇ ತಪ್ಪು ಮಾಡಿದವನಂತೆ ಹತ್ತು ಸಲ ಸಾರಿ ಕೇಳಿದ. ಹೆಸರು ಓದಲು ಬಾರದ ಮುಂದಿನ ಸ್ಟೇಷನ್ನಿನಲ್ಲಿ ನನ್ನನ್ನು ಇಳಿಸಿ, ಆಚೆ ಬದಿಯ ಪ್ಲಾಟ್‌ಫಾರ್ಮ್ ತೋರಿಸಿ, "ಅಲ್ಲಿ ನಿಂತು ರೈಲಿಗೆ ಕೈ ತೋರಿಸಿ, ನಿಲ್ಲುತ್ತದೆ" ಎಂದ.

ಕಾಪುವಿನಲ್ಲಿ ಹುಟ್ಟಿದವಳು ನಾನು. ಎಕ್ಸ್‌ಪ್ರೆಸ್ ಬಸ್ಸಿಗೆ ಕೈ ಅಡ್ಡ ಹಿಡಿದು ಡ್ರೈವರನ ಬೈಗುಳ ತಿಂದವಳು. ಆದರೆ ರೈಲಿಗೆ? ಹಿಂದೆ ಬೆಟ್ಟ, ಮುಂದೆ ಸಮುದ್ರ, ನಡುವೆ ನಾನು ಮತ್ತು ನನ್ನ ಸೂಟ್‌ಕೇಸು. ಮುಕ್ಕಾಲು ಗಂಟೆ ಕಾದೆ. ಅಷ್ಟು ಹೊತ್ತಿನಲ್ಲಿ ಓದುಗರಿಗೆ ಮುಂತಾಜಳ ಪರಿಚಯ ಮಾಡಿಕೊಡುತ್ತೇನೆ.

ಅವಳು ಉಳ್ಳಾಲದವಳು, ಮನೆಮಾತು ಬ್ಯಾರಿ. ನನ್ನ ಮನೆಮಾತು ತುಳು. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಕ್ಲಿನಿಕ್ಕಿನಲ್ಲಿ ಅವಳು ನರ್ಸು, ನಾನು ರಿಸೆಪ್ಷನಿಸ್ಟ್. ಅಲ್ಲೇ ಹಿಂದಿನ ಬೀದಿಯ ಹಳೆ ಕಟ್ಟಡದ ಐದನೇ ಮಹಡಿಯಲ್ಲಿ ಆರು ವರ್ಷ ಒಂದೇ ಕೋಣೆಯಲ್ಲಿ ಇದ್ದೆವು. ನಮ್ಮ ನಡುವಿನ ಮಾತು ತುಳು. ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವಳ ಉಮ್ಮ, ಅಂದರೆ ಅಮ್ಮ, ಊರಿಂದ ಫೋನು ಮಾಡಿದಾಗ ನಾನೂ ಎರಡು ಮಾತಾಡುತ್ತಿದ್ದೆ. ಕೇಳಿ ಕೇಳಿ ಬ್ಯಾರಿ ನನಗೂ ಅಷ್ಟಿಷ್ಟು ಬಂದಿತ್ತು. ಆಮೇಲೆ ಒಂದು ದಿನ ಅವಳು ನನ್ನೊಡನೆ ಮಾತು ಬಿಟ್ಟಳು. ತಪ್ಪು ನನ್ನದೇ. ಬ್ರಿಟನ್ನಿಗೆ ಹೋದಳೆಂದು ಬೇರೆಯವರಿಂದ ತಿಳಿಯಿತು.

ಕಳೆದ ವರ್ಷ ಅಬುಧಾಬಿಯ ಬನಿಯಾಸ್‌ನಲ್ಲಿರುವ ನಾದಿನಿಯ ಮನೆಗೆ ಹೋಗಿದ್ದಾಗ, ಅಲ್ಲಿನ ಸೂಪರ್ ಮಾರ್ಕೆಟ್ಟಿನಲ್ಲಿ ಮುಂತಾಜಳ ಅಕ್ಕನ ಮಗಳು ಸಿಕ್ಕಳು. ಅವಳೇ ನಂಬರು ಕೊಟ್ಟಳು. ದುಬೈಯ ಡಿಸ್ಕವರಿ ಗಾರ್ಡನ್ಸ್‌ನ ನಮ್ಮ ಮನೆಗೆ ಬಂದು, ಬರೆದು ಅಳಿಸಿ, ಬರೆದು ಅಳಿಸಿ, ಕೊನೆಗೆ "ಒಮ್ಮೆ ನಿನ್ನನ್ನು ನೋಡಬೇಕು" ಎಂದಷ್ಟೇ ಕಳಿಸಿದೆ. ಹನ್ನೊಂದು ದಿನದ ಮೇಲೆ ಉತ್ತರ ಬಂತು: "ಏಪ್ರಿಲ್ ಕೊನೆಗೆ ಬಾ. ಚಳಿ ಕಡಿಮೆ." ನನ್ನ ಮಗಳು ಅದನ್ನು ಓದಿ, "ಅಮ್ಮಾ, ಜಸ್ಟ್ ಗೋ" ಎಂದು ವೀಸಾ ಫಾರ್ಮನ್ನು ತಾನೇ ತುಂಬಲು ಕೂತಳು.

ಕೈ ತೋರಿಸಿದೆ. ರೈಲು ನಿಜವಾಗಿಯೂ ನಿಂತಿತು.

ಗೋಡೆಯ ಒಳಗಿನ ಬೀದಿ

ಮುಂತಾಜ್ ಈಗ ಈಚೆ ಬದಿಯ ಪ್ಲಾಟ್‌ಫಾರ್ಮಿಗೆ ಬಂದು ನಿಂತಿದ್ದಳು. ನಾನು ಇಳಿದ ಕೂಡಲೇ, "ಎಂತ ಮಾರಾಯ್ತಿ, ಹೇಳಲಿಲ್ಲವಾ ನೀನು?" ಎಂದಳು.

ಅವಳು ಕೇಳಿದ್ದು ಗಾರ್ಡಿಗೆ ಹೇಳುವ ವಿಷಯ. ಆದರೆ ಆ ಮಾತು ಬಾಯಿಂದ ಬಿದ್ದದ್ದೇ ಇಬ್ಬರಿಗೂ ಬೇರೆಯೇ ಕೇಳಿಸಿತು. ಅವಳು ಬೇಗ ಬಗ್ಗಿ ನನ್ನ ಸೂಟ್‌ಕೇಸ್ ಎತ್ತಿಕೊಂಡಳು. ನಾನು ಅವಳ ಹಿಂದೆ ನಡೆದೆ.

ಕಾನ್ವಿ ಎಂದರೆ ಗೋಡೆ ಕಟ್ಟಿಕೊಂಡ ಊರು. ಕೋಟೆಯ ಎರಡೂ ಬದಿಯಿಂದ ಹೊರಟ ಕಲ್ಲಿನ ಗೋಡೆ ಊರನ್ನು ತಬ್ಬಿಕೊಂಡಿದೆ. ಏಳುನೂರಕ್ಕೂ ಹೆಚ್ಚು ವರ್ಷದ ಹಿಂದೆ ಇಂಗ್ಲೆಂಡಿನ ದೊರೆ ಈ ನಾಡನ್ನು ಗೆದ್ದು ಕಟ್ಟಿಸಿದ್ದಂತೆ. ಆಗ ಗೋಡೆಯ ಒಳಗೆ ಮನೆ ಮಾಡಿಕೊಳ್ಳುವ ಹಕ್ಕಿದ್ದದ್ದು ಇಂಗ್ಲಿಷರಿಗೆ. ಈ ಮಣ್ಣಿನವರು ಹೊರಗೆ. ಈಗ ಒಳಗೆ ಬೇಕರಿ, ಔಷಧಿ ಅಂಗಡಿ, ಕ್ಷೌರದಂಗಡಿ, ಮತ್ತು ಒಂದು ಓಣಿಯ ಕೊನೆಯಲ್ಲಿ ಉಳ್ಳಾಲದ ಮುಂತಾಜ್.

ಬೀದಿಯ ಡಾಂಬರಿನ ಮೇಲೆ ಬಿಳಿ ಬಣ್ಣದಲ್ಲಿ ದೊಡ್ಡದಾಗಿ 'ಅರಫ್' ಎಂದು ಓದಿಸುವ ಅಕ್ಷರಗಳು. ನಾನು ನಿಂತುಬಿಟ್ಟೆ. ಅರಬಿಯಲ್ಲಿ ಹಾಗೆಂದರೆ 'ನನಗೆ ಗೊತ್ತು'. ಕ್ಲಿನಿಕ್ಕಿನ ಕೌಂಟರಿನಲ್ಲಿ ದಿನಕ್ಕೆ ನೂರು ಸಲ 'ಮಾ ಅರಫ್, ಮಾ ಅರಫ್', ಗೊತ್ತಿಲ್ಲ, ಗೊತ್ತಿಲ್ಲ, ಎನ್ನುತ್ತಿದ್ದವಳು ನಾನು.

"ವೆಲ್ಷ್ ಭಾಷೆ," ಎಂದಳು ಮುಂತಾಜ್, ತಿರುಗಿ ನೋಡದೆ. "ನಿಧಾನ ಅಂತ ಅರ್ಥ. ಬಂದ ಹೊಸತರಲ್ಲಿ ನಾನೂ ಹೀಗೇ ನಿಂತಿದ್ದೆ."

ಅವಳ ಮನೆ ಒಂದು ಕೋಣೆಯ ಮೇಲೆ ಇನ್ನೊಂದು ಕೋಣೆ ಇಟ್ಟಂತಿತ್ತು. ನಡುವೆ ಕಡಿದಾದ ಮರದ ಮೆಟ್ಟಿಲು. ಮೇಲಿನ ಕೋಣೆಯನ್ನು ನನಗೆ ಬಿಟ್ಟುಕೊಟ್ಟು ಕೆಳಗೆ ಸೋಫಾದ ಮೇಲೆ ತನ್ನ ದಿಂಬು ಹಾಕಿಕೊಂಡಳು. ಬೇಡವೆಂದರೂ ಕೇಳಲಿಲ್ಲ. ಚಹಾ ಕೊಟ್ಟಳು, ಸಕ್ಕರೆ ಎಷ್ಟೆಂದು ಕೇಳದೆಯೇ ಎರಡು ಚಮಚ ಹಾಕಿದ್ದಳು. ಪಕ್ಕದ ಮನೆಯ ಗ್ವೆನ್ ಎಂಬ ಅಜ್ಜಿ ನಾಯಿಯೊಂದಿಗೆ ಬಂದು ಬಾಗಿಲಲ್ಲೇ ನಿಂತು ಮಾತಾಡಿದರು. ನಮ್ಮೊಡನೆ ಇಂಗ್ಲಿಷ್, ನಾಯಿಯೊಡನೆ ವೆಲ್ಷ್. ಯಾಕೆಂದು ಕೇಳಿದೆ. "ಪಾಪ, ಅದಕ್ಕೆ ಇಂಗ್ಲಿಷ್ ಬರುವುದಿಲ್ಲ" ಎಂದರು, ಒಂದಿಷ್ಟೂ ನಗದೆ.

ಗ್ವೆನ್ ಹೋದರು. ಗಂಡ, ಮಗಳು, ಕೆಲಸ ಎಂದು ನಾನು ಏನೇನೋ ಹೇಳಿದೆ. ಅವಳು ಹೂಂ ಎಂದಳು. ತಾನು ಮದುವೆಯಾಗಲಿಲ್ಲ ಎಂದಳು. ವಯಸ್ಸಾದವರ ಆಸರೆಮನೆಯೊಂದರಲ್ಲಿ ಕೆಲಸ, ನಾಳೆ ಹಗಲಿನ ಡ್ಯೂಟಿ ಇದೆ, ನೀನು ಕೋಟೆ ನೋಡಿಕೊಂಡು ಬಾ ಎಂದಳು. ಎಂಟು ಗಂಟೆಯಾದರೂ ಹೊರಗೆ ಬೆಳಕಿತ್ತು. ಗಲ್ಫಿನಲ್ಲಿ ಏಳಕ್ಕೆಲ್ಲ ದಿನವನ್ನು ಬಟನ್ ಒತ್ತಿ ಆರಿಸಿದಂತಾಗುತ್ತದೆ. ಇಲ್ಲಿ ಅದು ಹೋಗಲೋ ಬೇಡವೋ ಎಂದು ಗೋಡೆಯ ಮೇಲೆ ಕೂತೇ ಇತ್ತು. ಆ ಬೆಳಕಿನಲ್ಲೇ ನಿದ್ದೆ ಹೋದೆ.

ಕೋಟೆ

ಬೆಳಿಗ್ಗೆ ಸಮುದ್ರದಿಂದ ಮಂಜು ಬಂದಿತ್ತು. ಕೋಟೆಯ ಎಂಟು ಗೋಪುರಗಳಲ್ಲಿ ನಾಲ್ಕೇ ಕಾಣುತ್ತಿದ್ದವು. ಒಳಗೆ ಹೋದರೆ ಎಲ್ಲಿಯೂ ಛಾವಣಿ ಇಲ್ಲ. ದೊರೆ ಊಟ ಮಾಡುತ್ತಿದ್ದ ದೊಡ್ಡ ಚಾವಡಿಯಲ್ಲಿ ಈಗ ಹುಲ್ಲು. ಮೂರನೇ ಮಹಡಿಯ ಎತ್ತರದಲ್ಲಿ, ನೆಲವೇ ಇಲ್ಲದ ಕಡೆ, ಗೋಡೆಗೆ ಅಂಟಿಕೊಂಡ ಒಲೆಗೂಡು, ಅದರಲ್ಲಿ ಪಾರಿವಾಳ. ಸುರುಳಿ ಮೆಟ್ಟಿಲು ಹತ್ತುವಾಗ ಕೈಗೆ ಹಗ್ಗ ಸಿಗುತ್ತದೆ, ಕಾಲಿಗೆ ನಡುವೆ ಸವೆದ ಕಲ್ಲು. ಮೇಲಿಂದ ಇಳಿದು ಬರುವವರಿಗೆ ದಾರಿ ಬಿಡಲು ಗೋಡೆಗೆ ಒರಗಿ ನಿಲ್ಲಬೇಕು. ಪ್ರತಿಯೊಬ್ಬರೂ ಥ್ಯಾಂಕ್ಯೂ ಹೇಳಿ ಹೋಗುತ್ತಾರೆ. ಏಳೆಂಟು ಜನರ ಥ್ಯಾಂಕ್ಯೂ ಪಡೆದು ಗೋಪುರದ ನೆತ್ತಿ ಸೇರಿದಾಗ ಕೆಳಗೆ ಊರಿಲ್ಲ, ಹೊಳೆಯಿಲ್ಲ, ಬರೀ ಬಿಳುಪು. ಅದರೊಳಗಿಂದ ಕಡಲಹಕ್ಕಿಗಳ ಕೂಗು ಮಾತ್ರ.

ಇಳಿದು ಬಂದು ಸಣ್ಣದೊಂದು ಕೋಣೆಯಲ್ಲಿ, ಕಿಟಕಿಯ ಕಲ್ಲಿನ ಆಸನದ ಮೇಲೆ ಕೂತೆ. ಮಂಜು ಹರಿದು ಬಿಸಿಲು ಬಿತ್ತು. ಕಣ್ಣು ಮುಚ್ಚಿತು. ಎಚ್ಚರವಾದಾಗ ಒಂದು ಕ್ಷಣ ನಾನು ಟೂರಿಸ್ಟ್ ಕ್ಲಬ್‌ನ ಕೋಣೆಯಲ್ಲಿದ್ದೆ. ಎದುರಿನ ಮಂಚದ ಮೇಲೆ ಮುಂತಾಜ್ ಕಾಲು ಮಡಚಿ ಕೂತು, ಹೆಡ್‌ಫೋನ್ ಹಾಕಿಕೊಂಡು, ಇಂಗ್ಲಿಷ್ ಪರೀಕ್ಷೆಗೆ ಓದುತ್ತಿದ್ದಳು.

ಆ ಪರೀಕ್ಷೆ ಪಾಸಾದರೆ ಬ್ರಿಟನ್ನಿನಲ್ಲಿ ನರ್ಸಾಗಬಹುದಿತ್ತು. ಎರಡು ಸಲ ಕೂದಲೆಳೆಯಲ್ಲಿ ಫೇಲಾಗಿದ್ದಳು. ಕ್ಲಿನಿಕ್ ಮುಚ್ಚುವುದರಲ್ಲಿತ್ತು, ಅದರೊಂದಿಗೆ ಅವಳ ವೀಸಾ ಕೂಡ. ಇದೇ ಕೊನೆಯ ಸಲ ಎಂದು ತನ್ನ ಫೋನನ್ನು ಆಫ್ ಮಾಡಿ, ಏನಾದರೂ ಇದ್ದರೆ ವಸಂತಿಗೆ, ಅಂದರೆ ನನಗೆ, ಫೋನ್ ಮಾಡಿ ಎಂದು ಮನೆಗೆ ಹೇಳಿಟ್ಟಿದ್ದಳು. ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಅವಳ ಅಣ್ಣನ ಫೋನು ಬಂತು. ಉಮ್ಮನಿಗೆ ಸರಿಯಿಲ್ಲ, ಇವತ್ತೇ ಹೊರಡಲಿ ಎಂದ. ಅಣ್ಣ ಇನ್ನೂ ಏನೋ ಮಾಡಿದ; ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಸಂಜೆ ಐದು ಮಹಡಿ ಹತ್ತುವವರೆಗೂ ಹೇಳಬೇಕೆಂದೇ ಇದ್ದೆ. ಬಾಗಿಲು ತೆಗೆದಳು. "ಈ ಸಲ ಪಾಸಾಗ್ತೇನೆ ಅಂತ ಅನಿಸ್ತದೆ ವಸಂತಿ" ಎಂದಳು. ನಾನು ಗಂಜಿಗೆ ಅಕ್ಕಿ ತೊಳೆದೆ. ಮರುದಿನ ಬೆಳಿಗ್ಗೆ ಅವಳೊಂದಿಗೆ ದುಬೈ ಬಸ್ಸಿನಲ್ಲಿ ಹೋಗಿ, ಪರೀಕ್ಷೆ ಮುಗಿಯುವ ತನಕ ಹೊರಗೆ ಕೂತು, ಅವಳು ನಗುತ್ತಾ ಬಂದಾಗ ಹೇಳಿದೆ. ವಿಮಾನ ಮಂಗಳೂರು ಮುಟ್ಟುವ ಮೊದಲೇ ಉಮ್ಮ ಹೋಗಿದ್ದರು. ಹಿಂದಿನ ಸಂಜೆಯೇ ಹೊರಟಿದ್ದರೆ ಸಿಗುತ್ತಿದ್ದರು.

ಮುಂತಾಜ್ ಪಾಸಾದಳು. ಊರಿಂದ ತಿರುಗಿ ಬಂದು ಬಟ್ಟೆ ಕಟ್ಟಿಕೊಂಡು ಬೇರೆ ಕೋಣೆಗೆ ಹೋದಳು. ಒಂದು ಮಾತೂ ಆಡಲಿಲ್ಲ.

ಕೋಟೆಯ ಕಾವಲಿನವರು ಬಂದು, "ಆರಾಮಾಗಿದ್ದೀರಾ?" ಎಂದು ಕೇಳಿದರು. ಮುಖ ಒದ್ದೆಯಾಗಿತ್ತು. ಮಂಜು ಎಂದೆ.

ದಕ್ಕೆ

ಡ್ಯೂಟಿ ಮುಗಿಸಿ ಬಂದ ಮುಂತಾಜ್ ನನ್ನನ್ನು ಮೀನುದೋಣಿಗಳು ತಂಗುವ ದಕ್ಕೆಗೆ ಕರೆದುಕೊಂಡು ಹೋದಳು. ಮಂಗಳೂರಿನ ದಕ್ಕೆಯ ಗಲಾಟೆಯ ನೂರರಲ್ಲಿ ಒಂದು ಪಾಲೂ ಇಲ್ಲ. ಆದರೆ ವಾಸನೆ ಅದೇ. ದೋಣಿಗಳು ಕೆಸರಿನ ಮೇಲೆ ಮಗ್ಗುಲಾಗಿ ಮಲಗಿ ನೀರು ಬರುವುದನ್ನು ಕಾಯುತ್ತಿದ್ದವು. ಒಂದು ಮೂಲೆಯಲ್ಲಿ ಬ್ರಿಟನ್ನಿನಲ್ಲೇ ಅತಿ ಸಣ್ಣದೆನ್ನುವ ಕೆಂಪು ಮನೆ. ನಮ್ಮ ಕಟ್ಟಡದ ಲಿಫ್ಟಿಗಿಂತ ತುಸು ಅಗಲವಿರಬಹುದು. ಅದರ ಮುಂದೆ ಜನ ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಅಂಚಿನಲ್ಲಿ ಸಾಲಾಗಿ ಕೂತ ಮಕ್ಕಳೂ ಅಜ್ಜಂದಿರೂ ದಾರಕ್ಕೆ ಮಾಂಸದ ಚೂರು ಕಟ್ಟಿ ನೀರಿಗೆ ಬಿಟ್ಟು ಏಡಿ ಹಿಡಿಯುತ್ತಿದ್ದರು. ಬಕೆಟ್ ತುಂಬಿದ ಮೇಲೆ ಎಣಿಸಿ, ಎಲ್ಲವನ್ನೂ ವಾಪಸ್ ನೀರಿಗೆ ಸುರಿದರು.

"ಬಿಟ್ಟುಬಿಡುವುದಾ?" ಎಂದೆ. "ಮತ್ತೆ ಹಿಡಿದದ್ದು ಯಾಕೆ?"

"ನಾನೂ ಕೇಳಿದ್ದೆ," ಎಂದಳು ಮುಂತಾಜ್. "ಹಿಡಿಯಲಿಕ್ಕೆ ಅಂತ ಹೇಳಿದರು."

ನನಗೆ ನಗು ಬಂತು. ಅವಳಿಗೂ ಬಂತು. ಬಂದ ನಗುವನ್ನು ಇಬ್ಬರೂ ಅಲ್ಲಿಗೇ ನಿಲ್ಲಿಸಿದೆವು.

ಅಂಗಡಿಯಲ್ಲಿ ಪಚ್ಚಿಲೆ ಕೊಂಡಳು. ನಮ್ಮಲ್ಲಿ ಕಲ್ಲಿಗೆ ಅಂಟಿಕೊಂಡು ಬೆಳೆಯುವ ಅದೇ ಚಿಪ್ಪು, ಇಲ್ಲಿ ಬಣ್ಣ ಮಾತ್ರ ಕಡುನೀಲಿ. ಉದ್ದ ಕೋಲಿನ ಕುಂಟೆಯಿಂದ ದೋಣಿಯಲ್ಲಿ ನಿಂತು ಕೈಯಲ್ಲೇ ಕೆರೆದು ತೆಗೆಯುತ್ತಾರಂತೆ. ಮನೆಗೆ ಬಂದು ಅವಳು ತೆಂಗಿನತುರಿ ಹುರಿದಳು, ನಾನು ಚಿಪ್ಪು ಉಜ್ಜಿದೆ. ಆರು ವರ್ಷ ಹಾಗೆಯೇ ಮಾಡಿದ್ದೆವು. ಮಸಾಲೆ ಅವಳದ್ದು, ತೊಳೆಯುವುದು ನನ್ನದು. ಈಗಲೂ ಯಾರೂ ಹೇಳದೆಯೇ ಕೆಲಸ ಹಂಚಿಹೋಯಿತು. ಅವಳು ತನ್ನ ಆಸರೆಮನೆಯ ಅಜ್ಜ ಅಜ್ಜಿಯರ ಬಗ್ಗೆ ಹೇಳಿದಳು. ಕೊನೆಕೊನೆಗೆ ಹಲವರಿಗೆ ಇಂಗ್ಲಿಷ್ ಮರೆತುಹೋಗಿ ಚಿಕ್ಕಂದಿನ ವೆಲ್ಷ್ ಮಾತ್ರ ಉಳಿಯುತ್ತದಂತೆ. ಅದಕ್ಕೇ ತಾನೂ ಸ್ವಲ್ಪ ಕಲಿತೆ ಎಂದಳು. ನೋವುಂಟಾ, ನೀರು ಬೇಕಾ, ನಾನು ಇಲ್ಲೇ ಇದ್ದೇನೆ.

"ಕೊನೆಯ ಹೊತ್ತಿನಲ್ಲಿ ಕೈ ಹಿಡಿದುಕೊಂಡು ಕೂತುಕೊಳ್ತೇನೆ," ಎಂದಳು, ಒಗ್ಗರಣೆಗೆ ಎಣ್ಣೆ ಹಾಕುತ್ತಾ. "ಎಷ್ಟು ಜನರದ್ದು ಅಂತ ಲೆಕ್ಕ ಇಡಲಿಲ್ಲ."

ನಾನು ಉಜ್ಜಿದ್ದ ಚಿಪ್ಪನ್ನೇ ಮತ್ತೆ ಉಜ್ಜಿದೆ.

ಗೋಡೆಯ ಮೇಲೆ

ಊಟದ ಮೇಲೆ, "ನಡಿ, ಗೋಡೆ ಹತ್ತುವ" ಎಂದಳು. ಕಾನ್ವಿಯ ಗೋಡೆಯ ಮೇಲೆ ಊರಿಡೀ ಸುತ್ತು ಬರಬಹುದು. ಒಂದು ಬದಿಗೆ ಯಾರದೋ ಅಡುಗೆಮನೆಯ ಕಿಟಕಿ, ಶಾಲೆಯ ಅಂಗಳ, ಇಗರ್ಜಿಯ ಸಮಾಧಿಗಳು. ಇನ್ನೊಂದು ಬದಿಗೆ ಕುರಿ ಮೇಯುವ ಗುಡ್ಡ. ಅತಿ ಎತ್ತರದ ಗೋಪುರದಲ್ಲಿ ನಿಂತಾಗ ಇಡೀ ಊರು ಕಾಲಡಿಗಿತ್ತು. ಹೊಗೆಗೂಡುಗಳು, ಅವುಗಳಾಚೆ ಕೋಟೆ, ಅದರಾಚೆ ಭರತ ಏರುತ್ತಿದ್ದ ಹೊಳೆಬಾಯಿ. ಕೆಳಗೆ ಮಲಗಿದ್ದ ದೋಣಿಗಳು ಒಂದೊಂದಾಗಿ ನೇರವಾಗಿ ಎದ್ದು ನಿಲ್ಲುತ್ತಿದ್ದವು. ಸಂಜೆಯ ಬೆಳಕು ಎಷ್ಟು ಮೃದುವಾಗಿತ್ತೆಂದರೆ ಕಲ್ಲು ಕೂಡ ಬೆಚ್ಚಗಿದೆ ಎನಿಸುತ್ತಿತ್ತು. ಮುಟ್ಟಿದೆ, ತಣ್ಣಗಿತ್ತು.

"ಮುಂತಾಜ್," ಎಂದೆ. "ನಾನು ಕ್ಷಮೆ ಕೇಳಲಿಕ್ಕೆ ಬಂದದ್ದು."

"ಗೊತ್ತುಂಟು."

"ನೀನು ಪಾಸಾಗಲಿ ಅಂತ..."

"ಅದೂ ಗೊತ್ತುಂಟು." ಅವಳು ಹೊಳೆಯ ಕಡೆಗೇ ನೋಡುತ್ತಿದ್ದಳು. "ನನಗೆ ಸಿಟ್ಟು ಯಾಕೆ ಅಂತ ನಿನಗೆ ಗೊತ್ತಿಲ್ಲ. ಉಮ್ಮ ಸಿಗಲಿಲ್ಲ ಅಂತ ಅಲ್ಲ. ಆಸರೆಮನೆಯಲ್ಲಿ ದಿನಾ ನೋಡ್ತೇನೆ, ಎಷ್ಟೋ ಮಕ್ಕಳಿಗೆ ಸಿಗುವುದಿಲ್ಲ. ನೀನು ಆ ದಿನ ಹೇಳಿದ್ದರೆ ನಾನು ಎಂತ ಮಾಡ್ತಿದ್ದೆ? ಪರೀಕ್ಷೆ ಬಿಟ್ಟು ಓಡ್ತಿದ್ದೆನಾ? ಅಥವಾ ನಾಳೆ ಒಂದು ದಿನ ಅಲ್ಲವಾ, ಬರೆದೇ ಹೋಗುವ ಅಂತ ಕೂತುಕೊಳ್ತಿದ್ದೆನಾ? ಹದಿನಾರು ವರ್ಷದಿಂದ ಕೇಳಿಕೊಳ್ತೇನೆ. ನಾನು ಎಂಥ ಮಗಳು ಅಂತ ನನಗೆ ಗೊತ್ತೇ ಆಗಲಿಲ್ಲ ವಸಂತಿ. ಅದನ್ನು ನೀನು ತೆಗೊಂಡೆ."

 ನಾನು ತಂದಿದ್ದ ಮಾತುಗಳೆಲ್ಲ ಬೇರೆ ಯಾವುದೋ ತಪ್ಪಿಗೆ ತಯಾರಾಗಿದ್ದವು. ಗೋಡೆಯ ಮೇಲೆ ಗಾಳಿ ಬೀಸಿತು. ಅವಳು ಶಾಲು ಸರಿಮಾಡಿಕೊಂಡಳು.

"ಅಣ್ಣ ಫೋನಿನಲ್ಲಿ ಏನೇನು ಹೇಳಿದ?" ಎಂದಳು. "ಅವನನ್ನು ಕೇಳಿದರೆ ಅಳ್ತಾನೆ. ನೀನು ಹೇಳು. ಒಂದೂ ಬಿಡಬೇಡ."

"ಉಮ್ಮನಿಗೆ ಸರಿಯಿಲ್ಲ, ಇವತ್ತೇ ಹೊರಡಲಿಕ್ಕೆ ಹೇಳು ಅಂದ."

"ಮತ್ತೆ?"

"ಮತ್ತೆ... ಉಮ್ಮನಿಗೆ ಮಾತಾಡಬೇಕಂತೆ ಅಂತ ಫೋನನ್ನು ಅವರ ಕಿವಿಗೆ ಹಿಡಿದ. ಅವರು ನಾನೇ ನೀನು ಅಂತ ತಿಳಿದರು."

ಮುಂತಾಜ್ ಮೊದಲ ಸಲ ತಿರುಗಿ ನನ್ನ ಮುಖ ನೋಡಿದಳು.

"ಮಗಳೇ, ಊಟ ಆಯ್ತಾ ಅಂತ ಕೇಳಿದರು."

"ನೀನು ಎಂತ ಹೇಳಿದೆ?"

"ಆಯ್ತು ಉಮ್ಮ ಅಂದೆ."

"ಯಾವ ಭಾಷೆಯಲ್ಲಿ?"

"ನಿಮ್ಮ ಭಾಷೆಯಲ್ಲೇ. ಅಷ್ಟು ಬರ್ತಿತ್ತಲ್ಲ ನನಗೆ. ಎಂತ ಪದಾರ್ಥ ಅಂತ ಕೇಳಿದರು. ಮೀನು ಅಂದೆ. ಯಾವ ಮೀನು ಅಂದರು. ಬಂಗುಡೆ ಅಂದೆ. ಮುಳ್ಳು ನೋಡಿ ತಿನ್ನು ಅಂದರು. ಆಮೇಲೆ ಅಣ್ಣ ಫೋನು ತೆಗೆದುಕೊಂಡ." ನಾನು ಗೋಡೆಯ ಅಂಚಿಗೆ ಒರಗಿದೆ. "ಅದು ನಿನಗೆ ಬರಬೇಕಾದ ಮಾತು. ನಾನು ಕೇಳಿಬಿಟ್ಟೆ. ಹೇಗೆ ಹೇಳುವುದು ಅಂತ ಗೊತ್ತಾಗಲಿಲ್ಲ."

ಅವಳು ಗೋಡೆಯ ಮೆಟ್ಟಿಲ ಮೇಲೆ ಕೂತಳು.  ಊರಿನ ದೀಪಗಳು ಇನ್ನೂ ಹತ್ತಿರಲಿಲ್ಲ. ಕೆಳಗೆ ಗ್ವೆನ್ ತನ್ನ ನಾಯಿಯನ್ನು ಕರೆಯುವುದು ಕೇಳಿಸಿತು.

"ಯಾವ ದನಿಯಲ್ಲಿ ಕೇಳಿದರು?" ಎಂದಳು ಕೊನೆಗೆ. "ನೋವಿನಲ್ಲಾ?"

"ಇಲ್ಲ. ಯಾವಾಗಲೂ ಕೇಳುವ ಹಾಗೆ. ಬೈಯುವ ಹಾಗೆ."

"ಹೌದು, ಬೈಯುವ ಹಾಗೆ," ಎಂದಳು ಮುಂತಾಜ್. ಆಮೇಲೆ ಮುಖ ಮುಚ್ಚಿಕೊಂಡಳು. ನಾನು ಅವಳ ಪಕ್ಕ ಒಂದು ಮೆಟ್ಟಿಲು ಕೆಳಗೆ ಕೂತೆ. ಮುಟ್ಟಲು ಧೈರ್ಯವಾಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ ನನ್ನ ಹೆಗಲ ಮೇಲೆ ಕೈಯಿಟ್ಟು, ಅದನ್ನು ಊರಿಕೊಂಡು ಎದ್ದು ನಿಂತಳು.

"ನಿಜವಾಗಿ ಆ ದಿನ ಬಂಗುಡೆ ತಿಂದಿದ್ದೆಯಾ?"

"ಇಲ್ಲ. ಏನೂ ತಿಂದಿರಲಿಲ್ಲ."

"ಸುಳ್ಳಿ," ಎಂದಳು.

ಹೊರಡುವ ದಿನ

ಮತ್ತೆ ಎರಡು ದಿನ ಇದ್ದೆ. ಆ ವಿಷಯ ಇಬ್ಬರೂ ಎತ್ತಲಿಲ್ಲ. ಅವಳು ಡ್ಯೂಟಿಗೆ ಹೋದಾಗ ನಾನು ದಕ್ಕೆಯಲ್ಲಿ ಕೂತು ನೀರು ಏರುವುದನ್ನೂ ಇಳಿಯುವುದನ್ನೂ ನೋಡಿದೆ. ಇಷ್ಟು ವರ್ಷ ಸಮುದ್ರದ ಬದಿಯಲ್ಲೇ ಬದುಕಿದವಳು, ಒಮ್ಮೆಯೂ ಪೂರ್ತಿ ಭರತ ಬಂದು ಹೋಗುವವರೆಗೆ ಕೂತವಳಲ್ಲ. ಅವಳು ಬಂದ ಮೇಲೆ ಅಡುಗೆ, ನಡಿಗೆ, ಹಳೆ ಕ್ಲಿನಿಕ್ಕಿನ ಡಾಕ್ಟರರ ನಕಲು. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.

ಹೊರಡುವ ಬೆಳಿಗ್ಗೆ ಸ್ಟೇಷನ್ನಿಗೆ ಬಂದಳು. ರೈಲು ನಿಂತಿತು. ಸೂಟ್‌ಕೇಸನ್ನು ಒಳಗಿಟ್ಟು, ತಾನೂ ಹತ್ತಿದಳು.

"ಜಂಕ್ಷನ್ ತನಕ ಬರ್ತೇನೆ," ಎಂದಳು. "ಅಲ್ಲಿ ನೀನು ರೈಲು ಬದಲಿಸಬೇಕು, ಮತ್ತೆ ತಪ್ಪಿಸಿಕೊಳ್ತಿ."

ಜಂಕ್ಷನ್ನಿನಲ್ಲಿ ಮ್ಯಾಂಚೆಸ್ಟರ್ ರೈಲು ಕಾದು ನಿಂತಿತ್ತು. ಅದಕ್ಕೂ ಹತ್ತಿದಳು. "ಚೆಸ್ಟರ್ ತನಕ. ಅಲ್ಲಿ ಹೇಗೂ ನನಗೆ ಒಂದು ಕೆಲಸ ಉಂಟು."

ಎಂತ ಕೆಲಸ ಎಂದು ನಾನು ಕೇಳಲಿಲ್ಲ. ಸಮುದ್ರ ಜೊತೆಗೇ ಓಡಿ ಬಂದು, ಒಂದು ಕಡೆ ಹಿಂದೆ ಉಳಿಯಿತು. ಇಬ್ಬರೂ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದೆವು. ಚೆಸ್ಟರ್ ಬಂತು. ಜನ ಇಳಿದರು, ಜನ ಹತ್ತಿದರು. ಮುಂತಾಜ್ ಚೀಲದಿಂದ ಕಿತ್ತಳೆ ತೆಗೆದು ಸಿಪ್ಪೆ ಸುಲಿಯತೊಡಗಿದಳು. ಬಾಗಿಲು ಮುಚ್ಚಿತು. ರೈಲು ಹೊರಟಿತು. ಅವಳು ಅರ್ಧ ಹಣ್ಣು ನನ್ನ ಕೈಗೆ ಕೊಟ್ಟಳು.

ಟಿಕೆಟ್ ನೋಡುವವರು ಬಂದರು. ನನ್ನದನ್ನು ನೋಡಿ, ಅವಳ ಕಡೆ ತಿರುಗಿ, ಎಲ್ಲಿಗೆ ಎಂದು ಕೇಳಿದರು.

"ಏರ್‌ಪೋರ್ಟ್," ಎಂದಳು ಮುಂತಾಜ್.